ಕರ್ನಾಟಕದಲ್ಲಿ ಸುಸ್ಥಿರತೆಗಾಗಿ ವಿದ್ಯಾರ್ಥಿ ತಂತ್ರಜ್ಞಾನ ಯೋಜನೆಗಳು

ಸುಸ್ಥಿರತೆಗಾಗಿ ವಿದ್ಯಾರ್ಥಿ ತಂತ್ರಜ್ಞಾನ ಯೋಜನೆಗಳು ಎಂದರೆ ನೀರು, ಇಂಧನ, ಕೃಷಿ, ತ್ಯಾಜ್ಯ ಮೊದಲಾದವುಗಳಿಗೆ ಸಂಬಂಧಿಸಿದ ಸ್ಥಳೀಯ ಸಮಸ್ಯೆಗಳಿಗೆ ಶಾಲೆ ಮತ್ತು ಕಾಲೇಜುಗಳ ವಿದ್ಯಾರ್ಥಿಗಳು ಉಪಕರಣ, ಯಂತ್ರ ಅಥವಾ ಪ್ರಕ್ರಿಯೆಗಳನ್ನು ಸ್ವತಃ ವಿನ್ಯಾಸಗೊಳಿಸಿ, ತಯಾರಿಸಿ, ಪರೀಕ್ಷಿಸಿ ಪರಿಹಾರ ಹುಡುಕುವ ಚಟುವಟಿಕೆಗಳು. ಕರ್ನಾಟಕದಲ್ಲಿ ಇಂತಹ ಯೋಜನೆಗಳಿಗೆ 1970ರ ದಶಕದಿಂದಲೂ ಸಾಂಸ್ಥಿಕ ಬೆಂಬಲ ದೊರೆಯುತ್ತಿದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮ, ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಮತ್ತು ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಇವುಗಳಲ್ಲಿ ಪ್ರಮುಖವಾದವು. ಮಾದರಿ ತಯಾರಾದ ನಂತರ ಅದು ಬಳಕೆಗೆ ಬರುತ್ತದೆಯೇ, ಬಳಕೆಯಲ್ಲಿ ಉಳಿಯುತ್ತದೆಯೇ ಎಂಬುದು ಈ ಕ್ಷೇತ್ರದ ಮುಖ್ಯ ಪ್ರಶ್ನೆಯಾಗಿದೆ.

## ಹಿನ್ನೆಲೆ

ಕೈಕೆಲಸದ ಮೂಲಕ ಕಲಿಕೆ ಎಂಬ ವಿಚಾರ ಭಾರತದಲ್ಲಿ ಹೊಸದಲ್ಲ. ಮಹಾತ್ಮ ಗಾಂಧಿಯವರು 1937ರಲ್ಲಿ ವಾರ್ಧಾದಲ್ಲಿ ಮಂಡಿಸಿದ 'ನಯಿ ತಾಲೀಮ್' ಶಿಕ್ಷಣ ಕ್ರಮದಲ್ಲಿ ಉತ್ಪಾದಕ ಕಸುಬು ಪಾಠದ ಕೇಂದ್ರವಾಗಿತ್ತು. ಮಹಾರಾಷ್ಟ್ರದ ಪಾಬಳ್ ಗ್ರಾಮದಲ್ಲಿ ಡಾ. ಎಸ್. ಎಸ್. ಕಲ್ಬಾಗ್ ಅವರು 1983ರಲ್ಲಿ ಸ್ಥಾಪಿಸಿದ ವಿಜ್ಞಾನ ಆಶ್ರಮವು ಗ್ರಾಮೀಣ ತಂತ್ರಜ್ಞಾನವನ್ನೇ ಶಿಕ್ಷಣದ ಮಾಧ್ಯಮವಾಗಿ ಬಳಸಿತು. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ 'ಫ್ಯಾಬ್ ಲ್ಯಾಬ್' ಪರಿಕಲ್ಪನೆಯು ಆ ಸಂಸ್ಥೆಯ ಹೊರಗೆ ಮೊದಲು ಕಾಲಿಟ್ಟ ಸ್ಥಳಗಳಲ್ಲಿ ಈ ಆಶ್ರಮವೂ ಒಂದು.

ಕರ್ನಾಟಕದಲ್ಲಿ ಈ ದಿಕ್ಕಿನ ಮಹತ್ವದ ಹೆಜ್ಜೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇಟ್ಟಿತು. ವಿದ್ಯುತ್‌ರಸಾಯನ ವಿಜ್ಞಾನಿ ಅಮೂಲ್ಯ ಕೆ. ಎನ್. ರೆಡ್ಡಿ ಅವರ ನೇತೃತ್ವದಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಘಟಕ ಆರಂಭವಾಯಿತು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವುದು ಇದರ ಉದ್ದೇಶವಾಗಿತ್ತು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಇದರ ಕ್ಷೇತ್ರ ಕೇಂದ್ರವಿತ್ತು. ಕಡಿಮೆ ಸೌದೆ ಬಳಸುವ, ಹೊಗೆಯನ್ನು ಕೊಳವೆಯ ಮೂಲಕ ಹೊರಹಾಕುವ 'ಅಸ್ತ್ರ ಒಲೆ' ಈ ಘಟಕದ ಕೊಡುಗೆಗಳಲ್ಲಿ ಹೆಚ್ಚು ಪ್ರಚಾರ ಪಡೆದದ್ದು. ಈ ಘಟಕವೇ ಮುಂದೆ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರ ಎಂಬ ಹೆಸರು ಪಡೆಯಿತು.

## ಪುರ ಗ್ರಾಮದ ಅನುಭವ

ಅಸ್ತ್ರ ಘಟಕವು ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಗ್ರಾಮದಲ್ಲಿ ನಡೆಸಿದ ಸಮುದಾಯ ಗೋಬರ್ ಅನಿಲ ಯೋಜನೆ ವಿದ್ಯಾರ್ಥಿಗಳ ಕೆಲಸವಲ್ಲ. ಆದರೂ ಇಂತಹ ಯೋಜನೆಗಳ ಅಧ್ಯಯನದಲ್ಲಿ ಅದು ಉಪಯುಕ್ತ ಉದಾಹರಣೆಯಾಗಿದೆ. ಊರಿನ ಸಗಣಿಯನ್ನೆಲ್ಲ ಒಂದೆಡೆ ಸೇರಿಸಿ, ಎಲ್ಲ ಮನೆಗಳಿಗೂ ಅಡುಗೆ ಅನಿಲ ಒದಗಿಸುವುದು ಮೂಲ ಆಶಯವಾಗಿತ್ತು. ದೊರೆತ ಸಗಣಿಯಿಂದ ಎಲ್ಲ ಮನೆಗಳ ಅಡುಗೆಗೆ ಸಾಲುವಷ್ಟು ಅನಿಲ ಸಿಗಲಿಲ್ಲ. ಗ್ರಾಮಸ್ಥರಿಗೆ ಅಡುಗೆ ಅನಿಲಕ್ಕಿಂತ ಕುಡಿಯುವ ನೀರು ಹೆಚ್ಚು ಮುಖ್ಯವಾಗಿತ್ತು ಎಂಬುದೂ ಸ್ಪಷ್ಟವಾಯಿತು.

ಆ ಬಳಿಕ ಅನಿಲದಿಂದ ಎಂಜಿನ್ ನಡೆಸಿ ವಿದ್ಯುತ್ ಉತ್ಪಾದಿಸಿ, ಕೊಳವೆಬಾವಿಯ ನೀರನ್ನು ಮನೆಗಳಿಗೆ ಪೂರೈಸುವ ಹಾಗೂ ದೀಪಗಳನ್ನು ಬೆಳಗಿಸುವ ವ್ಯವಸ್ಥೆ ರೂಪುಗೊಂಡಿತು. 1980ರ ದಶಕದ ಉತ್ತರಾರ್ಧದಲ್ಲಿ ಆರಂಭವಾದ ಈ ವ್ಯವಸ್ಥೆ ಹಲವು ವರ್ಷ ನಡೆದು, 1990ರ ದಶಕದಲ್ಲಿ ಸ್ಥಗಿತಗೊಂಡಿತು. ಸಗಣಿ ತಂದವರಿಗೆ ಹಣ ಮತ್ತು ಅನಿಲ ತೆಗೆದ ನಂತರ ಉಳಿಯುವ ಬಗ್ಗಡ ದೊರೆಯುತ್ತಿತ್ತು. ನಿರ್ವಹಣೆಯ ಹೊಣೆಯನ್ನು ಊರಿನ ಯುವಕರು ಹೊತ್ತಿದ್ದರು. ಸಮಸ್ಯೆಯನ್ನು ಬಳಕೆದಾರರೇ ಗುರುತಿಸಬೇಕು, ಸಂಪನ್ಮೂಲವನ್ನು ಮೊದಲೇ ಅಳೆಯಬೇಕು, ನಿರ್ವಹಣೆಗೆ ಸ್ಥಳೀಯ ಹೊಣೆಗಾರರಿರಬೇಕು ಎಂಬ ಮೂರು ಅಂಶಗಳು ಈ ಅನುಭವದಿಂದ ತಿಳಿದುಬರುತ್ತವೆ.

## ಪ್ರಮುಖ ಕಾರ್ಯಕ್ರಮಗಳು

### ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮ

ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು 1975ರಲ್ಲಿ ಸ್ಥಾಪನೆಯಾಯಿತು. ಇದು ದೇಶದಲ್ಲಿ ರಾಜ್ಯಮಟ್ಟದಲ್ಲಿ ರಚನೆಯಾದ ಮೊದಲ ವಿಜ್ಞಾನ ಮಂಡಳಿಗಳಲ್ಲಿ ಒಂದು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿಯೇ ಇದರ ಕಚೇರಿ ಇದೆ. 1970ರ ದಶಕದ ಉತ್ತರಾರ್ಧದಲ್ಲಿ ಮಂಡಳಿ ಆರಂಭಿಸಿದ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮವು ವಾರ್ಷಿಕ ಸರಣಿಗಳ ರೂಪದಲ್ಲಿ ನಡೆಯುತ್ತದೆ. 2022–23ರಲ್ಲಿ ನಡೆದದ್ದು 46ನೆಯ ಸರಣಿ.

ಎಂಜಿನಿಯರಿಂಗ್ ಪದವಿಯ ಅಂತಿಮ ವರ್ಷದ ವಿದ್ಯಾರ್ಥಿಗಳ ತಂಡವು ಮಾರ್ಗದರ್ಶಕ ಅಧ್ಯಾಪಕರೊಡನೆ ಪ್ರಸ್ತಾವವನ್ನು ಸಿದ್ಧಪಡಿಸಿ ಕಾಲೇಜಿನ ಮೂಲಕ ಸಲ್ಲಿಸುತ್ತದೆ. ತಜ್ಞರ ಸಮಿತಿ ಪ್ರಸ್ತಾವಗಳನ್ನು ಪರಿಶೀಲಿಸಿ, ಆಯ್ಕೆಯಾದ ಯೋಜನೆಗಳಿಗೆ ಸಣ್ಣ ಪ್ರಮಾಣದ ಧನಸಹಾಯ ನೀಡುತ್ತದೆ. ವರ್ಷದ ಕೊನೆಯ ಹಂತದಲ್ಲಿ ಮೌಲ್ಯಮಾಪನ ನಡೆಯುತ್ತದೆ. ಉತ್ತಮ ಯೋಜನೆಗಳನ್ನು ರಾಜ್ಯಮಟ್ಟದ ವಿಚಾರಸಂಕಿರಣ ಮತ್ತು ವಸ್ತುಪ್ರದರ್ಶನದಲ್ಲಿ ಮಂಡಿಸಲಾಗುತ್ತದೆ. ಪದವಿಗೆ ಹೇಗೂ ಕಡ್ಡಾಯವಾಗಿರುವ ಅಂತಿಮ ವರ್ಷದ ಪ್ರಾಜೆಕ್ಟನ್ನು ರಾಜ್ಯದ ನಿಜವಾದ ಸಮಸ್ಯೆಗಳತ್ತ ತಿರುಗಿಸುವುದು ಈ ಕಾರ್ಯಕ್ರಮದ ಮೂಲ ತತ್ವ.

### ಮಕ್ಕಳ ವಿಜ್ಞಾನ ಸಮಾವೇಶ

ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 1993ರಲ್ಲಿ ಆರಂಭವಾಯಿತು. ಇದು 10ರಿಂದ 17 ವರ್ಷ ವಯಸ್ಸಿನ ಮಕ್ಕಳಿಗಾಗಿ ನಡೆಯುತ್ತದೆ. ಕರ್ನಾಟಕದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇದರ ಸಂಯೋಜನೆಯನ್ನು ನಿರ್ವಹಿಸುತ್ತ ಬಂದಿದೆ. ಮಕ್ಕಳು ತಮ್ಮ ಊರಿನ ಒಂದು ಸಮಸ್ಯೆಯನ್ನು ಆಯ್ದು, ಸಮೀಕ್ಷೆ ನಡೆಸಿ, ಅಂಕಿಅಂಶ ಸಂಗ್ರಹಿಸಿ ವರದಿ ಬರೆಯಬೇಕು. ಮಾದರಿಗಿಂತ ಅಧ್ಯಯನಕ್ಕೆ ಹೆಚ್ಚು ಒತ್ತು ಇರುವುದು ಇದರ ವೈಶಿಷ್ಟ್ಯ. ಹವಾಮಾನ, ಇಂಧನ, ಭೂಸಂಪನ್ಮೂಲ, ಸುಸ್ಥಿರ ಅಭಿವೃದ್ಧಿ ಮೊದಲಾದವು ಇದರ ಕೇಂದ್ರ ವಿಷಯಗಳಾಗಿದ್ದವು.

### ಅಟಲ್ ಟಿಂಕರಿಂಗ್ ಪ್ರಯೋಗಾಲಯ

ಕೇಂದ್ರ ಸರ್ಕಾರದ ನೀತಿ ಆಯೋಗದ ಅಡಿಯಲ್ಲಿ 2016ರಲ್ಲಿ ಅಟಲ್ ಇನ್ನೋವೇಶನ್ ಮಿಷನ್ ಆರಂಭವಾಯಿತು. ಇದರ ಅಂಗವಾಗಿ 6ರಿಂದ 12ನೆಯ ತರಗತಿಯ ವಿದ್ಯಾರ್ಥಿಗಳಿಗೆ ಶಾಲೆಗಳಲ್ಲಿ ಟಿಂಕರಿಂಗ್ ಪ್ರಯೋಗಾಲಯಗಳನ್ನು ಸ್ಥಾಪಿಸಲಾಗುತ್ತಿದೆ. ಆಯ್ಕೆಯಾದ ಶಾಲೆಗೆ ಒಟ್ಟು 20 ಲಕ್ಷ ರೂಪಾಯಿವರೆಗೆ ಅನುದಾನ ದೊರೆಯುತ್ತದೆ. ಇದರಲ್ಲಿ ಅರ್ಧ ಸ್ಥಾಪನೆಗೆ, ಉಳಿದರ್ಧ ಐದು ವರ್ಷಗಳವರೆಗಿನ ನಿರ್ವಹಣೆಗೆ ಮೀಸಲು. ಮೈಕ್ರೋಕಂಟ್ರೋಲರ್ ಫಲಕಗಳು, ಸಂವೇದಕಗಳು, ತ್ರಿ-ಆಯಾಮ ಮುದ್ರಕ ಮತ್ತು ಕೈ ಉಪಕರಣಗಳು ಇಲ್ಲಿ ಇರುತ್ತವೆ. ದೇಶದಾದ್ಯಂತ ಇಂತಹ 10,000ಕ್ಕೂ ಹೆಚ್ಚು ಪ್ರಯೋಗಾಲಯಗಳು ಸ್ಥಾಪನೆಯಾಗಿವೆ.

### ಇತರ ವ್ಯವಸ್ಥೆಗಳು

ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್–ಮಾನಕ್ ಯೋಜನೆಯಲ್ಲಿ ಶಾಲಾ ವಿದ್ಯಾರ್ಥಿಯ ಆಯ್ಕೆಯಾದ ಕಲ್ಪನೆಗೆ ಮಾದರಿ ತಯಾರಿಸಲು 10,000 ರೂಪಾಯಿ ನೀಡಲಾಗುತ್ತದೆ. 1998ರಲ್ಲಿ ಸ್ಥಾಪನೆಯಾದ, ಬೆಳಗಾವಿಯಲ್ಲಿ ಕೇಂದ್ರ ಕಚೇರಿ ಇರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 2021ರ ಪಠ್ಯಕ್ರಮದಲ್ಲಿ ವಿನ್ಯಾಸ ಚಿಂತನೆ ಹಾಗೂ ಸಾಮಾಜಿಕ ಸಂಪರ್ಕವನ್ನು ಪಾಠದ ಭಾಗವಾಗಿಸಿದೆ.

## ಬಾಗಲಕೋಟೆ ಜಿಲ್ಲೆಯ ಸಂದರ್ಭ

ಸುಸ್ಥಿರತೆಯ ಸಮಸ್ಯೆ ಪ್ರತಿ ಪ್ರದೇಶದಲ್ಲಿಯೂ ಬೇರೆ ರೂಪ ತಾಳುತ್ತದೆ. 1997ರಲ್ಲಿ ರಚನೆಯಾದ ಬಾಗಲಕೋಟೆ ಜಿಲ್ಲೆಯು ಇದಕ್ಕೆ ಉತ್ತಮ ನಿದರ್ಶನ. ವಾರ್ಷಿಕ ಸರಾಸರಿ ಮಳೆ 600 ಮಿಲಿಮೀಟರಿಗಿಂತ ಕಡಿಮೆ ಇರುವ ಈ ಜಿಲ್ಲೆಯ ಮೂಲಕ ಮಲಪ್ರಭಾ, ಘಟಪ್ರಭಾ ಮತ್ತು ಕೃಷ್ಣಾ ನದಿಗಳು ಹರಿಯುತ್ತವೆ. ಒಂದೇ ತಾಲ್ಲೂಕು ಒಂದು ವರ್ಷ ಬರವನ್ನು, ಇನ್ನೊಂದು ವರ್ಷ ಪ್ರವಾಹವನ್ನು ಎದುರಿಸುವುದುಂಟು. ಜಿಲ್ಲೆಯಲ್ಲಿ 1963ರಲ್ಲಿ ಆರಂಭವಾದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಹಾಗೂ 2008ರಲ್ಲಿ ಸ್ಥಾಪನೆಯಾದ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಇವೆ. ವಿದ್ಯಾರ್ಥಿ ಯೋಜನೆಗಳಿಗೆ ಇಲ್ಲಿ ದೊರೆಯುವ ಮುಖ್ಯ ವಿಷಯಗಳು ಹೀಗಿವೆ.

### ಮಳೆನೀರು ಸಂಗ್ರಹ

ಚಾವಣಿಯ ಮಳೆನೀರು ಸಂಗ್ರಹದ ಲೆಕ್ಕಾಚಾರ ಸರಳವಾಗಿದೆ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. 100 ಚದರ ಮೀಟರ್ ಚಾವಣಿಯ ಶಾಲೆಯ ಮೇಲೆ ವರ್ಷಕ್ಕೆ 550 ಮಿಲಿಮೀಟರ್ ಮಳೆಯಾದರೆ 55,000 ಲೀಟರ್ ಬೀಳುತ್ತದೆ. ಆವಿಯಾಗುವಿಕೆ, ಸೋರಿಕೆ ಮತ್ತು ಆರಂಭದ ಕೊಳೆನೀರಿಗೆಂದು ಐದನೆಯ ಒಂದು ಭಾಗ ಕಳೆದರೂ 44,000 ಲೀಟರ್ ಉಳಿಯುತ್ತದೆ. ದಿನಕ್ಕೆ ಎರಡು ಲೀಟರಿನಂತೆ 100 ಮಕ್ಕಳಿಗೆ 220 ಶಾಲಾ ದಿನಗಳ ಕುಡಿಯುವ ನೀರು ಇಷ್ಟೇ ಆಗುತ್ತದೆ. ಆದರೆ ಮಳೆ ಕೆಲವೇ ತಿಂಗಳುಗಳಲ್ಲಿ ಬೀಳುವುದರಿಂದ ತೊಟ್ಟಿಯ ಗಾತ್ರವನ್ನು ವರ್ಷದ ಸರಾಸರಿಯಿಂದಲ್ಲದೆ ತಿಂಗಳುವಾರು ಮಳೆ ಮತ್ತು ಬಳಕೆಯಿಂದ ನಿರ್ಧರಿಸಬೇಕು.

ಕರ್ನಾಟಕ ಏಕೀಕರಣದ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ರಾಜ್ಯ ಸರ್ಕಾರವು 'ಸುವರ್ಣ ಜಲ' ಯೋಜನೆಯಡಿ 23,000ಕ್ಕೂ ಹೆಚ್ಚು ಗ್ರಾಮೀಣ ಶಾಲೆಗಳಲ್ಲಿ ಮಳೆನೀರು ಸಂಗ್ರಹ ವ್ಯವಸ್ಥೆ ಅಳವಡಿಸಲು ಮುಂದಾಯಿತು. ನಿರ್ವಹಣೆಯ ಕೊರತೆಯಿಂದ ಹಲವು ಶಾಲೆಗಳಲ್ಲಿ ಈ ವ್ಯವಸ್ಥೆ ಬಳಕೆಯಿಂದ ದೂರವಾಯಿತು. ಆದ್ದರಿಂದ ಇಂದಿನ ವಿದ್ಯಾರ್ಥಿಗಳಿಗೆ ಹೊಸ ತೊಟ್ಟಿ ಕಟ್ಟುವುದಕ್ಕಿಂತ, ಇರುವ ತೊಟ್ಟಿಯ ಶೋಧಕ, ಕೊಳವೆ ಮತ್ತು ಮುಚ್ಚಳಗಳನ್ನು ಸರಿಪಡಿಸುವುದು ಹೆಚ್ಚು ಫಲಕಾರಿ ಯೋಜನೆಯಾಗಬಲ್ಲದು.

### ಅಂತರ್ಜಲದ ಫ್ಲೋರೈಡ್

ಜಿಲ್ಲೆಯ ಹಲವು ಗ್ರಾಮಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಅನುಮತಿ ಇದೆ. ದೀರ್ಘಕಾಲ ಹೆಚ್ಚು ಫ್ಲೋರೈಡ್ ಸೇವಿಸಿದರೆ ಹಲ್ಲು ಕಂದುಗಟ್ಟುತ್ತದೆ, ಮೂಳೆಗಳು ಬಿಗಿಯುತ್ತವೆ.

ವಿದ್ಯಾರ್ಥಿಗಳು ನೀರಿನ ಗುಣಮಟ್ಟ ಅಳೆಯಲು ಸುಲಭವಾಗಿ ಸಿಗುವ ಕರಗಿದ ಲವಣಾಂಶದ ಮಾಪಕವನ್ನು ಬಳಸುವುದು ಸಾಮಾನ್ಯ. ಈ ಮಾಪಕವು ನೀರಿನ ವಿದ್ಯುತ್ ವಾಹಕತೆಯಿಂದ ಒಟ್ಟು ಲವಣವನ್ನು ಅಂದಾಜಿಸುತ್ತದೆಯೇ ಹೊರತು ಫ್ಲೋರೈಡನ್ನು ಪ್ರತ್ಯೇಕವಾಗಿ ತೋರಿಸುವುದಿಲ್ಲ. ಕಡಿಮೆ ಲವಣಾಂಶದ ನೀರಿನಲ್ಲಿಯೂ ಅಪಾಯಕಾರಿ ಪ್ರಮಾಣದ ಫ್ಲೋರೈಡ್ ಇರಬಹುದು. ಇದಕ್ಕೆ ಫ್ಲೋರೈಡ್ ಅಯಾನು ವಿದ್ಯುದ್ವಾರ ಅಥವಾ ಬಣ್ಣ ಬದಲಾವಣೆಯ ರಾಸಾಯನಿಕ ಪರೀಕ್ಷೆ ಅಗತ್ಯ. ನಿವಾರಣೆಗೆ ಪಟಿಕ ಮತ್ತು ಸುಣ್ಣ ಬಳಸುವ ನಲ್ಗೊಂಡ ವಿಧಾನ ಹಾಗೂ ಸಕ್ರಿಯ ಅಲ್ಯೂಮಿನಾ ಶೋಧಕಗಳು ಪ್ರಚಲಿತದಲ್ಲಿವೆ. ಶೋಧಕದ ಸಾಮರ್ಥ್ಯ ಬಳಸಿದಂತೆ ಮುಗಿಯುತ್ತದೆ. ಅದು ಮುಗಿದದ್ದು ನೀರಿನ ಬಣ್ಣದಿಂದಾಗಲಿ ರುಚಿಯಿಂದಾಗಲಿ ತಿಳಿಯುವುದಿಲ್ಲ. ಹೀಗಾಗಿ ಶೋಧಕದ ವಿನ್ಯಾಸದಷ್ಟೇ, ಎಷ್ಟು ಲೀಟರಿನ ನಂತರ ಅದನ್ನು ಪುನಶ್ಚೇತನಗೊಳಿಸಬೇಕು ಎಂಬ ದಾಖಲೆಯೂ ಮುಖ್ಯವಾಗುತ್ತದೆ.

### ಮಲಪ್ರಭೆಯ ಪ್ರವಾಹ

ಬೆಳಗಾವಿ ಜಿಲ್ಲೆಯ ಕಣಕುಂಬಿಯ ಬಳಿ ಹುಟ್ಟುವ ಮಲಪ್ರಭಾ ನದಿಯು ಬಾದಾಮಿ ತಾಲ್ಲೂಕಿನ ಮೂಲಕ ಸಾಗಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. 2019ರ ಆಗಸ್ಟ್‌ನಲ್ಲಿ ಈ ನದಿ ಉಕ್ಕಿ ಪಟ್ಟದಕಲ್ಲು ಸೇರಿದಂತೆ ದಂಡೆಯ ಊರುಗಳು ಜಲಾವೃತವಾದವು. ನದಿಯ ಮಟ್ಟವನ್ನು ಅಳೆದು ದಂಡೆಯ ಊರಿಗೆ ಮುನ್ಸೂಚನೆ ಕಳುಹಿಸುವ ಉಪಕರಣವು ವಿದ್ಯಾರ್ಥಿ ಯೋಜನೆಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ವಿಷಯ.

ಇದರಲ್ಲಿ ಸೇತುವೆಯ ಕೆಳಗೆ ಅಳವಡಿಸಿದ ಶ್ರವಣಾತೀತ ಸಂವೇದಕವು ಧ್ವನಿತರಂಗವನ್ನು ಕಳುಹಿಸಿ, ಅದು ನೀರಿನ ಮೇಲ್ಮೈಗೆ ತಾಗಿ ಮರಳುವ ಸಮಯದಿಂದ ದೂರವನ್ನು ಲೆಕ್ಕ ಹಾಕುತ್ತದೆ. ಗಾಳಿಯಲ್ಲಿ ಧ್ವನಿಯ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್. 40 ಡಿಗ್ರಿಯಲ್ಲಿ ಸುಮಾರು 355 ಮೀಟರ್. ಉಷ್ಣತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಎರಡು ಮೀಟರ್ ದೂರದ ಅಳತೆಯಲ್ಲಿ ಸುಮಾರು 7 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಕೆಲವು ರೂಪಾಯಿಗಳ ಉಷ್ಣತಾ ಸಂವೇದಕದಿಂದ ಈ ದೋಷವನ್ನು ಸರಿಪಡಿಸಬಹುದು. ಪ್ರವಾಹದ ವೇಳೆ ವಿದ್ಯುತ್ ಮತ್ತು ಮೊಬೈಲ್ ಸಂಪರ್ಕ ಕಡಿತಗೊಳ್ಳುವ ಸಾಧ್ಯತೆ ಇರುವುದರಿಂದ ಬ್ಯಾಟರಿ, ಸೌರಫಲಕ ಹಾಗೂ ಸ್ಥಳೀಯ ಸೈರನ್ ಇರುವ ವಿನ್ಯಾಸ ಹೆಚ್ಚು ವಿಶ್ವಾಸಾರ್ಹ. ಇಂತಹ ಉಪಕರಣವು ಅಧಿಕೃತ ಮುನ್ನೆಚ್ಚರಿಕೆಗೆ ಪೂರಕವೇ ಹೊರತು ಪರ್ಯಾಯವಲ್ಲ.

### ಸಗಣಿ ಮತ್ತು ಇಂಧನ

ಬಾದಾಮಿ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲಿರುವ ಶಿವಯೋಗ ಮಂದಿರವನ್ನು ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಸ್ಥಾಪಿಸಿದರು. ಗೋಶಾಲೆ ಮತ್ತು ಸಗಣಿಯಿಂದ ವಿಭೂತಿ ತಯಾರಿಸುವ ಕಸುಬಿಗೆ ಈ ಸ್ಥಳ ಹೆಸರಾಗಿದೆ. ಸಗಣಿಯು ತ್ಯಾಜ್ಯವಲ್ಲ, ಈಗಾಗಲೇ ಹಲವು ಉಪಯೋಗಗಳಿರುವ ಕಚ್ಚಾವಸ್ತು ಎಂಬುದಕ್ಕೆ ಇದು ಒಂದು ನಿದರ್ಶನ. ಈ ಭಾಗದ ರೈತರ ಮನೆಗಳಲ್ಲಿಯೂ ಸಗಣಿಯು ಕುಳ್ಳಾಗಿ, ತಿಪ್ಪೆಗೊಬ್ಬರವಾಗಿ, ನೆಲ ಸಾರಿಸುವ ವಸ್ತುವಾಗಿ ಬಳಕೆಯಾಗುತ್ತದೆ.

ಒಂದು ಕಿಲೋಗ್ರಾಂ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಅನಿಲ ದೊರೆಯುತ್ತದೆ. ಎರಡು ಘನ ಮೀಟರ್ ಸಾಮರ್ಥ್ಯದ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋಗ್ರಾಂ ಸಗಣಿ ಹಾಗೂ ಅಷ್ಟೇ ನೀರು ಬೇಕು. ಒಂದು ದನ ದಿನಕ್ಕೆ ಸರಾಸರಿ 10 ಕಿಲೋಗ್ರಾಂ ಸಗಣಿ ಕೊಟ್ಟರೆ, ಇದಕ್ಕೆ ಐದು ದನಗಳು ಬೇಕಾಗುತ್ತವೆ. ಎರಡು ದನಗಳಿರುವ ಮನೆಗೆ ಈ ಗಾತ್ರದ ಸ್ಥಾವರ ಹೊಂದುವುದಿಲ್ಲ. ಯಾರ ಮನೆಯಲ್ಲಿ ಎಷ್ಟು ದನ, ಬೇಸಿಗೆಯಲ್ಲಿ ಎಷ್ಟು ನೀರು, ಸಗಣಿಯ ಈಗಿನ ಬಳಕೆ ಏನು ಎಂಬ ಸಮೀಕ್ಷೆ ಮೊದಲು ನಡೆಯಬೇಕು ಎಂಬುದು ಪುರ ಗ್ರಾಮದ ಅನುಭವದಿಂದಲೂ ತಿಳಿಯುತ್ತದೆ.

### ಇಳಕಲ್ಲಿನ ನೇಕಾರಿಕೆ ಮತ್ತು ಗ್ರಾನೈಟ್

ಇಳಕಲ್ಲು ತನ್ನ ಸೀರೆ ಹಾಗೂ ಕೆಂಪು ಗ್ರಾನೈಟಿಗೆ ಪ್ರಸಿದ್ಧವಾಗಿದೆ. ಇಳಕಲ್ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ನೂಲಿಗೆ ಬಣ್ಣ ಹಾಕಿದ ನಂತರ ಉಳಿಯುವ ನೀರಿನಲ್ಲಿ ಬಣ್ಣದ ಜೊತೆಗೆ ಲವಣವೂ ಇರಬಹುದು. ಕೃಷಿ ತ್ಯಾಜ್ಯದಿಂದ ತಯಾರಿಸಿದ ಸಕ್ರಿಯ ಇದ್ದಿಲು ಬಣ್ಣವನ್ನು ಹೀರಿಕೊಳ್ಳುತ್ತದೆ. ಆದರೆ ಕರಗಿದ ಉಪ್ಪನ್ನು ತೆಗೆಯುವುದಿಲ್ಲ. ನೀರು ತಿಳಿಯಾಗಿ ಕಂಡಾಕ್ಷಣ ಅದು ಹೊಲಕ್ಕೆ ಯೋಗ್ಯವಾಯಿತೆಂದು ತೀರ್ಮಾನಿಸಲಾಗದು.

ಗ್ರಾನೈಟ್ ಕೊಯ್ದು ಹೊಳಪು ಕೊಡುವಾಗ ಬರುವ ಕೆಸರು ಒಣಗಿದಾಗ ನುಣ್ಣನೆಯ ಧೂಳಾಗುತ್ತದೆ. ಇದನ್ನು ಇಟ್ಟಿಗೆ ಮತ್ತು ಕಾಂಕ್ರೀಟಿನಲ್ಲಿ ಮರಳಿನ ಅಥವಾ ಸಿಮೆಂಟಿನ ಒಂದು ಭಾಗಕ್ಕೆ ಬದಲಾಗಿ ಬಳಸುವುದು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪರಿಚಿತ ಸಂಶೋಧನಾ ವಿಷಯ. ಮಾದರಿಗಳ ಸಂಪೀಡನ ಬಲವನ್ನು ಸಾಮಾನ್ಯವಾಗಿ 7 ಮತ್ತು 28 ದಿನಗಳಲ್ಲಿ ಪರೀಕ್ಷಿಸಲಾಗುತ್ತದೆ. ಬಾಳಿಕೆಯ ಪರೀಕ್ಷೆಗೆ ಇನ್ನೂ ಹೆಚ್ಚು ಕಾಲ ಬೇಕು.

## ಕಾರ್ಯವಿಧಾನ

ಯಶಸ್ವಿ ವಿದ್ಯಾರ್ಥಿ ಯೋಜನೆಗಳಲ್ಲಿ ಸಾಮಾನ್ಯವಾಗಿ ಈ ಹಂತಗಳಿರುತ್ತವೆ:

* ಸಮಸ್ಯೆಯ ಗುರುತಿಸುವಿಕೆ: ತೊಂದರೆ ಅನುಭವಿಸುವವರೊಂದಿಗೆ ಮಾತನಾಡಿ, ಅವರ ಆದ್ಯತೆಯನ್ನು ತಿಳಿಯುವುದು.
* ಅಳತೆ: ಪರಿಹಾರಕ್ಕೆ ಮೊದಲು ಇಂದಿನ ಸ್ಥಿತಿಯನ್ನು ಅಂಕಿಗಳಲ್ಲಿ ದಾಖಲಿಸುವುದು. ಇದಿಲ್ಲದೆ ನಂತರದ ಸುಧಾರಣೆಯನ್ನು ತೋರಿಸಲಾಗದು.
* ಮಾದರಿ: ಸ್ಥಳೀಯವಾಗಿ ಸಿಗುವ, ದುರಸ್ತಿ ಮಾಡಬಹುದಾದ ವಸ್ತುಗಳಿಂದ ಮೊದಲ ಮಾದರಿ ತಯಾರಿಸುವುದು.
* ಕ್ಷೇತ್ರ ಪರೀಕ್ಷೆ: ಪ್ರಯೋಗಾಲಯದ ಹೊರಗೆ, ಧೂಳು, ಬಿಸಿಲು ಮತ್ತು ವಿದ್ಯುತ್ ಕಡಿತದ ನಡುವೆ ಪರೀಕ್ಷಿಸುವುದು.
* ಹಸ್ತಾಂತರ: ನಿರ್ವಹಣೆಯ ವಿಧಾನವನ್ನು ಕನ್ನಡದಲ್ಲಿ ಬರೆದು, ಹೊಣೆಗಾರರನ್ನು ನಿಗದಿಪಡಿಸುವುದು.

ಪ್ರಯೋಗಾಲಯ ಮತ್ತು ಹೊಲದ ನಡುವಿನ ವ್ಯತ್ಯಾಸಕ್ಕೆ ಮಣ್ಣಿನ ತೇವಾಂಶ ಸಂವೇದಕ ಉತ್ತಮ ಉದಾಹರಣೆ. ವಿದ್ಯುತ್ ರೋಧವನ್ನು ಅಳೆಯುವ ಅಗ್ಗದ ಸಂವೇದಕದ ಲೋಹದ ಕಡ್ಡಿಗಳು ತೇವದ ಮಣ್ಣಿನಲ್ಲಿ ವಿದ್ಯುದ್ವಿಭಜನೆಯಿಂದ ಬೇಗ ಸವೆಯುತ್ತವೆ. ವಸ್ತುಪ್ರದರ್ಶನದ ಕುಂಡದಲ್ಲಿ ಸರಿಯಾಗಿ ಕೆಲಸ ಮಾಡಿದ ಉಪಕರಣವು ಕೆಲವು ವಾರಗಳಲ್ಲಿ ಹೊಲದಲ್ಲಿ ತಪ್ಪು ಅಂಕಿ ತೋರಿಸಬಹುದು. ಲೋಹ ಮಣ್ಣಿಗೆ ತಾಗದ ಧಾರಕತೆ ಆಧಾರಿತ ಸಂವೇದಕ ಹೆಚ್ಚು ಕಾಲ ಬಾಳುತ್ತದೆ. ಅದನ್ನೂ ಆಯಾ ಮಣ್ಣಿಗೆ ಹೊಂದಿಸಿಕೊಳ್ಳಬೇಕು. ಎರೆಭೂಮಿ ಮತ್ತು ಮಸಾರಿ ಭೂಮಿಗಳಿಗೆ ಒಂದೇ ಅಂಕಿ ಅನ್ವಯಿಸುವುದಿಲ್ಲ.

## ಮಿತಿಗಳು

ಅಂತಿಮ ವರ್ಷದ ಪ್ರಾಜೆಕ್ಟಿನ ಅವಧಿ ಒಂದು ವರ್ಷಕ್ಕಿಂತ ಕಡಿಮೆ. ಮಳೆ, ಬೆಳೆ ಅಥವಾ ಕಟ್ಟಡ ಸಾಮಗ್ರಿಗೆ ಸಂಬಂಧಿಸಿದ ಪರಿಹಾರವನ್ನು ಒಂದು ಪೂರ್ಣ ಋತುಚಕ್ರದಲ್ಲಿ ಪರೀಕ್ಷಿಸಲು ಈ ಅವಧಿ ಸಾಲದು. ಅಂಕ ಮತ್ತು ಪ್ರಶಸ್ತಿ ದೊರೆತ ನಂತರ ತಂಡ ಚದುರುತ್ತದೆ. ಮರುವರ್ಷದ ವಿದ್ಯಾರ್ಥಿಗಳು ಅದೇ ಯೋಜನೆಯನ್ನು ಮುಂದುವರಿಸುವ ಬದಲು ಹೊಸ ವಿಷಯವನ್ನು ಆಯ್ದುಕೊಳ್ಳುವ ಸಂಭವ ಹೆಚ್ಚು. ಹಿಂದಿನ ತಂಡದ ದಾಖಲೆಯನ್ನು ಮುಂದಿನ ತಂಡಕ್ಕೆ ಹಸ್ತಾಂತರಿಸುವುದು, ವಿಫಲವಾದ ಪ್ರಯೋಗಗಳನ್ನೂ ವರದಿಯಲ್ಲಿ ಸೇರಿಸುವುದು ಇದಕ್ಕೆ ಪರಿಹಾರಗಳಾಗಿವೆ.

ತಂತ್ರಜ್ಞಾನದ ಬಳಕೆಗೆ ತನ್ನದೇ ಆದ ಪರಿಸರ ವೆಚ್ಚವೂ ಇದೆ. ಫಲಕಗಳು ಮತ್ತು ಬ್ಯಾಟರಿಗಳು ಮುಂದೆ ಅಪಾಯಕಾರಿ ತ್ಯಾಜ್ಯವಾಗುತ್ತವೆ. ತ್ರಿ-ಆಯಾಮ ಮುದ್ರಕಗಳಲ್ಲಿ ಬಳಸುವ ಪಾಲಿಲ್ಯಾಕ್ಟಿಕ್ ಆಮ್ಲದ ಪ್ಲಾಸ್ಟಿಕ್ ಜೈವಿಕವಾಗಿ ಕರಗುವುದೆಂದು ಪರಿಚಿತವಾಗಿದ್ದರೂ ಅದಕ್ಕೆ ಕೈಗಾರಿಕಾ ಕಾಂಪೋಸ್ಟ್ ಘಟಕದ ಉಷ್ಣತೆ ಬೇಕು. ಊರ ತಿಪ್ಪೆಯಲ್ಲಿ ಅದು ಬೇಗ ಕೊಳೆಯುವುದಿಲ್ಲ. ಕೆಲವು ಸಮಸ್ಯೆಗಳಿಗೆ ಸಂವೇದಕಕ್ಕಿಂತ ತೊಟ್ಟಿಯ ಮುಚ್ಚಳ, ಸೋರುವ ನಲ್ಲಿಯ ವಾಷರ್ ಅಥವಾ ಗೋಡೆಯ ಮೇಲೆ ಬರೆದ ಮಟ್ಟದ ಗುರುತೇ ಸಾಕಾಗುತ್ತದೆ.

## ಮಹತ್ವ

ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು 2015ರಲ್ಲಿ ಅಂಗೀಕರಿಸಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಶುದ್ಧ ನೀರು, ಶುದ್ಧ ಇಂಧನ, ಗುಣಮಟ್ಟದ ಶಿಕ್ಷಣ ಮತ್ತು ಹೊಣೆಯರಿತ ಉತ್ಪಾದನೆ ಸೇರಿವೆ. ವಿದ್ಯಾರ್ಥಿ ಯೋಜನೆಗಳು ಈ ಗುರಿಗಳನ್ನು ಊರಿನ ಮಟ್ಟದಲ್ಲಿ ಅರ್ಥಮಾಡಿಕೊಳ್ಳುವ ಸಾಧನಗಳಾಗಿವೆ. ತಯಾರಾದ ಉಪಕರಣ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಾರದಿದ್ದರೂ, ತಮ್ಮ ಊರಿನ ನೀರು, ಮಣ್ಣು ಮತ್ತು ಇಂಧನವನ್ನು ಅಳೆದು ದಾಖಲಿಸಿದ ಮಾಹಿತಿ ಉಳಿಯುತ್ತದೆ. ಒಂದು ಶಾಲೆಯ ಕೊಳವೆಬಾವಿಯ ಫ್ಲೋರೈಡ್ ಪ್ರಮಾಣವನ್ನು ವರ್ಷಕ್ಕೆರಡು ಬಾರಿ ಅಳೆದ ಹತ್ತು ವರ್ಷಗಳ ಪುಸ್ತಕವು ಗ್ರಾಮ ಪಂಚಾಯಿತಿಗೂ ಮುಂದಿನ ವಿದ್ಯಾರ್ಥಿಗಳಿಗೂ ಆಧಾರವಾಗಬಲ್ಲದು.

## ಇವನ್ನೂ ನೋಡಿ

* ಸುಸ್ಥಿರ ಅಭಿವೃದ್ಧಿ
* ಮಳೆನೀರು ಸಂಗ್ರಹ
* ಜೈವಿಕ ಅನಿಲ
* ಮಲಪ್ರಭಾ ನದಿ
* ಇಳಕಲ್ ಸೀರೆ
* ಶಿವಯೋಗ ಮಂದಿರ